ಕುಕ್ಕರಹಳ್ಳಿ ಕೆರೆಯ ವಸಂತ

ಕಾಲೇಜಿನಲ್ಲಿ ನಾನು 34 ವರ್ಷ ಕನ್ನಡ ಪಾಠ ಹೇಳಿದೆ. ಅಷ್ಟು ವರ್ಷಗಳಲ್ಲಿ ವಸಂತವರ್ಣನೆಯನ್ನು ಬೋಧಿಸದೆ ಬಿಟ್ಟ ವರ್ಷವೊಂದೂ ನೆನಪಿಗೆ ಬರುವುದಿಲ್ಲ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂಬುದು ಲಾಕ್ಷಣಿಕರ ಮತ. ಅವುಗಳಲ್ಲಿ ಋತುವರ್ಣನೆಯೂ ಸೇರಿದೆ. ಋತುಗಳ ಪಂಕ್ತಿಯಲ್ಲಿ ಅಗ್ರತಾಂಬೂಲ ವಸಂತನಿಗೆ. ಮಾವು ಚಿಗುರಬೇಕು, ಮಲ್ಲಿಗೆ ಬಿರಿಯಬೇಕು, ತೆಂಕಣ ಗಾಳಿ ಸುಳಿಯಬೇಕು, ದುಂಬಿ ಮೊರೆಯಬೇಕು, ಕೋಗಿಲೆ ಉಲಿಯಬೇಕು. ಇಷ್ಟನ್ನು ಹೇಳಿ, ಎರಡು ಪದ್ಯಗಳಿಗೆ ಅಲಂಕಾರ ಬಿಡಿಸಿ ತೋರಿಸಿ, ಟಿಪ್ಪಣಿ ಬರೆಸಿಬಿಟ್ಟರೆ ಪರೀಕ್ಷೆಗೆ ಸಾಕಾಗುತ್ತಿತ್ತು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕೂಗುವುದು ಗಂಡು ಕೋಗಿಲೆಯೋ ಹೆಣ್ಣು ಕೋಗಿಲೆಯೋ?" ಎಂದು ಕೇಳಿದ. ಆ ಹೊತ್ತಿಗೆ ನಾನು ಕೋಗಿಲೆಯ ದನಿಯನ್ನು ನಾಯಿಕೆಯ ಇನಿದನಿಗೆ ಹೋಲಿಸುವ ಪದ್ಯವೊಂದರ ನಡುವೆ ಇದ್ದೆ. ಹೆಣ್ಣೇ ಎಂದು ಸಲೀಸಾಗಿ ಹೇಳಿದೆ. ಅವನು ಕೂರಲಿಲ್ಲ. "ನಮ್ಮ ತೋಟದಲ್ಲಿ ಕೂಗುವುದು ಕರಿಯದು ಸಾರ್. ಜೊತೆಯಲ್ಲಿ ಇನ್ನೊಂದು ಚುಕ್ಕೆಚುಕ್ಕೆಯದು ಇರುತ್ತದೆ, ಅದು ಕಿಕ್ ಕಿಕ್ ಅನ್ನುತ್ತದೆ ಅಷ್ಟೆ" ಎಂದ. ತರಗತಿ ನಕ್ಕಿತು. ಇದು ಪ್ರಾಣಿಶಾಸ್ತ್ರದ ತರಗತಿಯಲ್ಲ, ಕವಿಸಮಯಕ್ಕೆ ಅದರದೇ ನಿಯಮಗಳಿವೆ ಎಂದು ಹೇಳಿ ಅವನನ್ನು ಕುಳ್ಳಿರಿಸಿದೆ. ಹುಡುಗ ಹೇಳಿದ್ದು ಅಕ್ಷರಶಃ ನಿಜವೆಂದು ನನಗೆ ಗೊತ್ತಾದುದು ನಿವೃತ್ತನಾದ ಮೇಲೆ. ಅದೂ ಪುಸ್ತಕದಿಂದಲ್ಲ, ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ.

ಯಾದವಗಿರಿಯಲ್ಲಿ ವಾಸಿಸುವವರಿಗೆ ಆ ಕೆರೆ ಹಿತ್ತಲಿನ ಹಾಗೆ. ಬಾನುಲಿ ಕೇಂದ್ರವಿರುವುದೂ ಇದೇ ಬಡಾವಣೆಯಲ್ಲಿ, ಆರ್. ಕೆ. ನಾರಾಯಣ್ ಅವರು ಕಟ್ಟಿಸಿಕೊಂಡಿದ್ದ, ಈಗ ವಸ್ತುಸಂಗ್ರಹಾಲಯವಾಗಿರುವ ಮನೆಯೂ ಇಲ್ಲಿಯೇ. ಇಳಿಜಾರಿನಲ್ಲಿ ಸ್ವಲ್ಪ ದೂರ ನಡೆದು, ಕಲಾಮಂದಿರದ ಬಳಿ ಹುಣಸೂರು ರಸ್ತೆಯನ್ನು ದಾಟಿದರೆ ಕೆರೆಯ ಮರಗಳು ಕಾಣಿಸಿಕೊಳ್ಳುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕೆರೆಯಿದು. ಪಶ್ಚಿಮದ ದಡಕ್ಕೆ ಒತ್ತಿಕೊಂಡು ಮಾನಸಗಂಗೋತ್ರಿ, ಆಗ್ನೇಯಕ್ಕೆ ದೂರದಲ್ಲಿ ಚಾಮುಂಡಿ ಬೆಟ್ಟ. ಕುವೆಂಪು ಅವರ ಸಂಜೆಯ ನಡಿಗೆಯಿಂದಾಗಿ ಈ ಕೆರೆ ಕನ್ನಡ ಸಾಹಿತ್ಯದಲ್ಲಿ ನೆಲೆಗೊಂಡಿತು. ತಮ್ಮ ಒಂದು ಕವನ ಸಂಕಲನಕ್ಕೆ 'ಪಕ್ಷಿಕಾಶಿ' ಎಂದು ಹೆಸರಿಟ್ಟ ಕವಿ ಅವರು. ಅವರು ನಡೆದ ಹಾದಿಯಲ್ಲಿ ನಡೆಯುತ್ತಿದ್ದೇವೆಂಬ ಹೆಮ್ಮೆ ಇಲ್ಲಿಗೆ ಬರುವ ಅನೇಕರಿಗಿದೆ. ಆದರೆ ಅವರು ನೋಡಿದ್ದನ್ನು ನೋಡುತ್ತೇವೆಯೇ ಎಂಬುದು ಬೇರೆ ಮಾತು. ನಾನೇ ಎಷ್ಟೋ ತಿಂಗಳು ಕೈಗಡಿಯಾರ ನೋಡಿಕೊಂಡು ಸುತ್ತು ಹಾಕಿದ್ದೇನೆ.

ನನ್ನ ಕಣ್ಣು ತೆರೆಸಿದವರು ರೈಲ್ವೆ ಇಲಾಖೆಯಿಂದ ನಿವೃತ್ತರಾದ ಗೆಳೆಯರೊಬ್ಬರು. ಕೊರಳಲ್ಲಿ ಹಳೆಯ ದುರ್ಬೀನು, ಜೇಬಿನಲ್ಲಿ ಗೆರೆಯ ಪುಸ್ತಕ. ಗಾಡಿಗಳು ಬಂದು ಹೋಗುವ ವೇಳೆಯನ್ನು ಬರೆದಿಡುವ ವೃತ್ತಿಯ ಅಭ್ಯಾಸವೇ ಹಕ್ಕಿಗಳತ್ತ ತಿರುಗಿದೆ ಎಂದು ಅವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವುದುಂಟು. ಫೆಬ್ರವರಿಯ ಕೊನೆಯ ಒಂದು ಬೆಳಿಗ್ಗೆ ಅವರು ನನ್ನನ್ನು ಹೊಂಗೆಯ ಮರವೊಂದರ ಕೆಳಗೆ ನಿಲ್ಲಿಸಿ, ದುರ್ಬೀನನ್ನು ಕೈಗಿತ್ತರು. ಕೊಂಬೆಯ ಮೇಲೆ ಕುಳಿತು ಕೊರಳುಬ್ಬಿಸಿ ಕೂಗುತ್ತಿದ್ದುದು ಕೆಂಗಣ್ಣಿನ, ಮಿರುಗುವ ಕರಿಯ ಹಕ್ಕಿ. ಎಲೆಗಳ ಮರೆಯಲ್ಲಿ ಕಂದು ಮೈಮೇಲೆ ಬಿಳಿಯ ಚುಕ್ಕೆ ಗೆರೆಗಳುಳ್ಳ ಇನ್ನೊಂದು ಮೌನವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅದು ಕಿಕ್ ಕಿಕ್ ಎಂದು ಒರಟಾಗಿ ಚೀರಿ ಹಾರಿಹೋಯಿತು. ಹಿಂದಿನ ಬೆಂಚಿನ ಹುಡುಗ ಕಣ್ಣೆದುರಿಗೆ ಬಂದು ನಿಂತ.

ಮನೆಗೆ ಬಂದವನು 'ಕುಮಾರಸಂಭವ'ವನ್ನು ತೆಗೆದೆ. ಮೂರನೆಯ ಸರ್ಗದಲ್ಲಿ ಶಿವನ ತಪೋವನಕ್ಕೆ ಅಕಾಲದಲ್ಲಿ ವಸಂತ ಬಂದಿಳಿಯುವ ಪ್ರಸಂಗ. ಅಲ್ಲಿ ಮಾವಿನ ಚಿಗುರು ತಿಂದು ಕೂಗುವುದು ಬರಿಯ ಕೋಕಿಲವಲ್ಲ. ಕವಿಯ ಮಾತು 'ಪುಂಸ್ಕೋಕಿಲ', ಅಂದರೆ ಗಂಡು ಕೋಗಿಲೆ. ಎಷ್ಟು ಬಾರಿ ಓದಿದ್ದೆನೋ! ಆ 'ಪುಂ' ಎಂಬುದು ಛಂದಸ್ಸಿನ ಅನುಕೂಲಕ್ಕೆ ಬಂದಿದೆ ಎಂದು ದಾಟಿಹೋಗಿದ್ದೆ. ಕಾಳಿದಾಸನಿಗೆ ಹಕ್ಕಿ ಗೊತ್ತಿತ್ತು. ಹೆಣ್ಣು ಕೋಗಿಲೆಯ ಸಂಗತಿಯೂ ಅವನಿಗೆ ಗೊತ್ತಿತ್ತು. 'ಶಾಕುಂತಲ'ದ ಐದನೆಯ ಅಂಕದಲ್ಲಿ ದುಷ್ಯಂತ ಶಕುಂತಲೆಯನ್ನು ನಿರಾಕರಿಸುವಾಗ ಎತ್ತುವ ನಿದರ್ಶನ ಇದೇ: ಮರಿಗಳು ಹಾರುವಷ್ಟಾಗುವ ತನಕ ಹೆಣ್ಣು ಕೋಗಿಲೆ ಅವನ್ನು ಬೇರೆ ಹಕ್ಕಿಗಳಿಂದ ಸಾಕಿಸುತ್ತದೆ ಎಂಬುದು. ನಮ್ಮ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಕ್ಕೆ ತಂದಾಗ ಅರಮನೆಯ ತೋಟದಲ್ಲಿಯೂ ಕಾಗೆಯ ಗೂಡುಗಳಿದ್ದೇ ಇರಬೇಕು. ಪರಭೃತ, ಪರಪುಷ್ಟ, ಅನ್ಯಪುಷ್ಟ ಎಂದು ಕೋಗಿಲೆಗೆ ಪರ್ಯಾಯಪದಗಳನ್ನು ನಾವು ಕಂಠಪಾಠ ಮಾಡಿಸುತ್ತಿದ್ದೆವು. ಅವೆಲ್ಲ ಯಾರೋ ಮರದ ಕೆಳಗೆ ನಿಂತು ನೋಡಿ ಹೇಳಿದ ವರದಿಗಳು.

ಕೋಗಿಲೆ ವಸಂತದಲ್ಲಿ ಎಲ್ಲಿಂದಲೋ ಬರುವುದಿಲ್ಲ. ನಮ್ಮ ಮರಗಳಲ್ಲಿಯೇ ಚಳಿಗಾಲವನ್ನೂ ಕಳೆಯುತ್ತದೆ. ಬಾಯಿ ತೆರೆಯುವುದು ಅಪರೂಪ. ಕಾಗೆಗಳು ಕಡ್ಡಿ ಹೊರಲು ತೊಡಗುವ ಕಾಲ ಸಮೀಪಿಸುತ್ತಿದ್ದಂತೆ ಗಂಡಿನ ಕೂಗು ಏರುತ್ತದೆ. ಗಂಡು ಗೂಡಿನ ಸುತ್ತ ಕೂಗಿ ಕಾಗೆಗಳನ್ನು ತನ್ನ ಬೆನ್ನಟ್ಟುವಂತೆ ಮಾಡುವುದೂ, ಆ ಸಂದಿನಲ್ಲಿ ಹೆಣ್ಣು ಗೂಡಿಗೆ ನುಗ್ಗಿ ಮೊಟ್ಟೆಯಿಡುವುದೂ ಉಂಟು. ಅಂದರೆ ನಾವು ಕವಿತೆಯಲ್ಲಿ ಕೇಳುವ ಇನಿದನಿಗೆ ಕಾಗೆಯ ಸಂಸಾರದಲ್ಲಿ ಬೇರೆಯೇ ಅರ್ಥವಿದೆ.

ಕಿವಿಗೆ ಬರುವ ವಸಂತ ಇದು. ಕಣ್ಣಿಗೆ ಕಾಣುವ ವಸಂತ ಇನ್ನೊಂದು, ಅದು ಕೆರೆಯ ನೀರಿನ ಮೇಲಿನದು. ನಮ್ಮ ಪಠ್ಯಗಳ ವಸಂತ ಬರುವ ಕಾಲ. ಕೆರೆಯ ವಸಂತ ಹೊರಡುವ ಕಾಲ. ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಮೈಸೂರಿನ ಸುತ್ತಣ ಕೆರೆಗಳಿಗೆ ಬಂದಿಳಿಯುವ ಬಿಳಿಹುಬ್ಬಿನ ಬಾತು, ಸಲಿಕೆಯಂಥ ಕೊಕ್ಕಿನ ಬಾತು, ಸೂಜಿಬಾಲದ ಬಾತುಗಳು ಮಾರ್ಚಿಯಲ್ಲಿ ಕಡಮೆಯಾಗತೊಡಗಿ ಏಪ್ರಿಲ್ ಹೊತ್ತಿಗೆ ಬಹುತೇಕ ಇಲ್ಲವಾಗುತ್ತವೆ. ಬಿಳಿಹುಬ್ಬಿನ ಬಾತನ್ನೇ ನೋಡಿ. ಬರುವಾಗ ಗಂಡೂ ಹೆಣ್ಣೂ ಒಂದೇ ಬಗೆಯ ಮಾಸಲು ಕಂದು. ಫೆಬ್ರವರಿಯ ಹೊತ್ತಿಗೆ ಗಂಡಿನ ತಲೆಯ ಮೇಲೆ, ಕಣ್ಣಿನ ಮೇಲಿಂದ ಕತ್ತಿನವರೆಗೆ, ಸುಣ್ಣದಲ್ಲಿ ಎಳೆದ ಹಾಗೆ ಒಂದು ಬಿಳಿಯ ಗೆರೆ ಮೂಡುತ್ತದೆ. ಜೋಡಿಗಳು ಇಲ್ಲಿಯೇ ಕೂಡಿಕೊಳ್ಳುವುದುಂಟು. ನಿಶ್ಚಿತಾರ್ಥದ ಉಡುಪು ನಮ್ಮ ಕೆರೆಯಲ್ಲಿ, ಬಾಳುವೆ ಸೈಬೀರಿಯದ ಜವುಗಿನಲ್ಲಿ. ಅರ್ಧ ಕಿಲೋಗ್ರಾಮಿಗಿಂತ ಕಡಮೆ ತೂಗುವ ಹಕ್ಕಿ ಸಾವಿರಾರು ಕಿಲೋಮೀಟರ್ ಹಾರಬೇಕು. ಅದಕ್ಕಾಗಿ ಕೊನೆಯ ವಾರಗಳಲ್ಲಿ ಹಗಲಿರುಳೆನ್ನದೆ ಮೇದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಹೆಚ್ಚಾಗಿ ರಾತ್ರಿಯೇ ಹೊರಡುತ್ತದೆ. ಬೀಳ್ಕೊಡುಗೆಯ ಸಮಾರಂಭವಿಲ್ಲ, ನಿನ್ನೆ ಇತ್ತು, ಇಂದು ಇಲ್ಲ.

ಹೊರಡುವ ಹೊತ್ತು ಬಂದಿತೆಂದು ಅವಕ್ಕೆ ತಿಳಿಯುವುದು ಹೇಗೆ? ಇಲ್ಲಿ ಮಂಜು ಕರಗುವುದಿಲ್ಲ, ಹಿಮ ಒಡೆಯುವುದಿಲ್ಲ. ಮೈಸೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿಯ ಹಗಲಿಗೂ ಒಂದೂವರೆ ಗಂಟೆಯಷ್ಟೂ ಅಂತರವಿಲ್ಲ. ಆದರೂ ಹಗಲು ಹಿಗ್ಗುತ್ತಿರುವುದನ್ನು ಹಕ್ಕಿಯ ಮೈ ಅರಿಯುತ್ತದೆ. ಅದರ ಒಳಗೇ ಇರುವ ವರ್ಷದ ಗಡಿಯಾರವೂ ಅದಕ್ಕೆ ಜೊತೆಗೂಡುತ್ತದೆ. ಕೆನಡಾ ದೇಶದ ಎಡ್ಮಂಟನ್ನಿನಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಕೊರೆಯುವ ಚಳಿಯಲ್ಲಿ ಪುಟ್ಟ ಹಕ್ಕಿಗಳನ್ನು ಬಯಲು ಪಂಜರದಲ್ಲಿಟ್ಟು, ದಿನದಿನಕ್ಕೆ ವಿದ್ಯುದ್ದೀಪದ ಬೆಳಕನ್ನು ಹೆಚ್ಚಿಸುತ್ತ ಹೋದ. ನಡುಚಳಿಗಾಲದಲ್ಲಿಯೇ ಅವುಗಳ ದೇಹ ವಸಂತಕ್ಕೆ ಸಜ್ಜಾಯಿತು. ಚಳಿ ಬಿಸಿಲುಗಳಿಗಿಂತ ಬೆಳಕಿನ ಅಳತೆಯೇ ಮುಖ್ಯವೆಂದು ಲೋಕಕ್ಕೆ ಮನವರಿಕೆಯಾದುದು ಆಗ.

ಈ ನಿರ್ಗಮನದ ಮಾತು ಬಂದಾಗ ನಾನು ಹಂಸದ ವಿಚಾರ ಹೇಳದೆ ಇರಲಾರೆ. ಅದರಲ್ಲಿ ನನ್ನ ಹಳೆಯ ವೃತ್ತಿಯ ಚಪಲವೂ ಸ್ವಲ್ಪ ಇದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಅಲ್ಲಿ ಕಾಣಿಸಿಕೊಂಡಿವೆ. ಮಾರ್ಚ್ ಮುಗಿಯುವ ಹೊತ್ತಿಗೆ ಇವೂ ಹೊರಡುತ್ತವೆ. ದಾರಿಯಲ್ಲಿ ಹಿಮಾಲಯ ಅಡ್ಡ. ಉಪಗ್ರಹದ ಮೂಲಕ ಹಿಂಬಾಲಿಸಿದಾಗ 7,000 ಮೀಟರಿಗೂ ಎತ್ತರದಲ್ಲಿ ಇವು ಹಾರಿದ್ದು ದಾಖಲಾಗಿದೆ. ಇವು ಮೊಟ್ಟೆಯಿಟ್ಟು ಮರಿಮಾಡುವ ಟಿಬೆಟ್ಟಿನ ಸರೋವರಗಳಲ್ಲಿ ಒಂದು, ಸಮುದ್ರಮಟ್ಟದಿಂದ 4,500 ಮೀಟರಿಗೂ ಮೇಲಿರುವ ಮಾನಸ ಸರೋವರ.

ಹಂಸ ಮಾನಸಕ್ಕೆ ಹೋಗುತ್ತದೆ ಎಂಬುದನ್ನು ನಾನು ಕವಿಸಮಯಗಳ ಪಟ್ಟಿಯಲ್ಲಿ ಬರೆಸುತ್ತಿದ್ದೆ. ಚಕೋರ ಬೆಳುದಿಂಗಳು ಕುಡಿಯುವುದು, ಹೆಣ್ಣಿನ ಪಾದಾಘಾತಕ್ಕೆ ಅಶೋಕ ಹೂಬಿಡುವುದು, ಹಂಸ ಮಾನಸಕ್ಕೆ ಹಾರುವುದು. ಎಲ್ಲ ಒಂದೇ ಸಾಲಿನಲ್ಲಿ, ಎಲ್ಲವೂ ಕಲ್ಪನೆ. ಸಂಸ್ಕೃತದ ಹಂಸ ಎಂಬ ಶಬ್ದಕ್ಕೂ ಇಂಗ್ಲಿಷಿನ ಗೂಸ್, ಜರ್ಮನಿನ ಗಾನ್ಸ್ ಎಂಬ ಶಬ್ದಗಳಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರದ ತರಗತಿಯಲ್ಲಿ ಇದೇ ನಾನು ಬೋಧಿಸುತ್ತಿದ್ದೆ. ಆ ಗಂಟೆಯ ಪಾಠವನ್ನು ಈ ಗಂಟೆಯ ಪಾಠಕ್ಕೆ ಜೋಡಿಸುವ ಬುದ್ಧಿ ಮಾತ್ರ ಬರಲಿಲ್ಲ. ಹಂಸವೆಂದರೆ ಹೆಬ್ಬಾತು, ಹೆಬ್ಬಾತು ಮಾನಸಕ್ಕೆ ನಿಜವಾಗಿಯೇ ಹೋಗುತ್ತದೆ. ಬೇಂದ್ರೆಯವರು ಕನ್ನಡಿಸಿದ 'ಮೇಘದೂತ'ದಲ್ಲಿ ಆಷಾಢದ ಮೋಡದ ಜೊತೆಗೆ ತಾವರೆಯ ದಂಟನ್ನು ಬುತ್ತಿ ಮಾಡಿಕೊಂಡು ಕೈಲಾಸದತ್ತ ಹಾರುವ ರಾಜಹಂಸಗಳಿವೆಯಲ್ಲ, ಅಲ್ಲಿ ತಿಂಗಳ ಲೆಕ್ಕ ಮಾತ್ರ ತಪ್ಪಿದೆ. ಆಷಾಢಕ್ಕೆ ಮೂರು ತಿಂಗಳು ಮೊದಲೇ ಹಕ್ಕಿ ಊರು ಬಿಟ್ಟಿರುತ್ತದೆ. ದಿಕ್ಕು ಸರಿ, ಊರೂ ಸರಿ. ಕುವೆಂಪು ಅವರು 1960ರಲ್ಲಿ ವಿಶ್ವವಿದ್ಯಾನಿಲಯದ ಹೊಸ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟಾಗ ಮನಸ್ಸಿನ ಮಾನಸವನ್ನು ಉದ್ದೇಶಿಸಿದ್ದಿರಬೇಕು. ಆದರೂ ಆ ಹೆಸರಿನ ನೆಲದ ಪಕ್ಕದಲ್ಲಿಯೇ ಉತ್ತರಕ್ಕೆ ಹೊರಟ ಹಕ್ಕಿಗಳ ನೀರಿದೆ ಎಂಬುದು ನನಗೆ ತುಂಬ ಇಷ್ಟವಾದ ಆಕಸ್ಮಿಕ.

ಹೆಸರುಗಳ ಮಾತಿಗೆ ಬಂದುದರಿಂದ ಇನ್ನೊಂದು ಸಂಗತಿ. ಪುಸ್ತಕ ಓದದವರು ಇಟ್ಟ ಹೆಸರುಗಳಲ್ಲಿ ಎಂಥ ನೋಟವಿದೆ ಎಂಬುದು ಕೆರೆಯ ಸುತ್ತ ನಡೆದಾಗ ತಿಳಿಯುತ್ತದೆ. ನೀರಿನಲ್ಲಿ ಗುಳುಕ್ಕೆಂದು ಮುಳುಗಿ ಇನ್ನೆಲ್ಲೋ ಏಳುವ ಗಿಡ್ಡ ಹಕ್ಕಿ ಗುಳುಮುಳುಕ. ಕರಿಯ ಮೈಗೆ ಹಣೆಯಲ್ಲಿ ಬಿಳಿಯ ಗುರುತುಳ್ಳದ್ದು ನಾಮದಕೋಳಿ. ಮೈಯೆಲ್ಲ ನೀರೊಳಗಿಟ್ಟು ಕೊರಳೊಂದನ್ನೇ ಮೇಲೆತ್ತಿ ಈಜುವುದು ಹಾವಕ್ಕಿ. ಕಪ್ಪು ಬಿಳುಪಿನ, ಬಾಲವೆತ್ತಿ ಮುಂಜಾನೆ ಹಾಡುವ ಮಡಿವಾಳ. ಮೀನಿಗಾಗಿ ನೀಲಿಯಾಗಿ ಎರಗುವ ಮಿಂಚುಳ್ಳಿ. ಪೂರ್ಣಚಂದ್ರ ತೇಜಸ್ವಿಯವರು ಆ ಹೆಸರನ್ನೇ ತಮ್ಮ ಒಂದು ಹಕ್ಕಿಪುಸ್ತಕಕ್ಕೆ ಇಟ್ಟರು. ದಂಡೆಯ ಕಲ್ಲಿನ ಮೇಲೆ ಬಾಲವನ್ನು ಸದಾ ಮೇಲೆ ಕೆಳಗೆ ಆಡಿಸುವ ಹಕ್ಕಿಯೊಂದಿದೆ. ಕವಿಗಳಿಗೆ ಅದು ಖಂಜನ, ನಾಯಿಕೆಯ ಚಂಚಲವಾದ ಕಣ್ಣುಗಳಿಗೆ ಉಪಮಾನ. ಹಳ್ಳಿಯವರು ಅದಕ್ಕೆ ಇಟ್ಟ ಹೆಸರು ಕುಂಡೆಕುಸ್ಕ. ಬಾನುಲಿಯ ಮರ್ಯಾದೆಗಾಗಿ ಅದರ ಅರ್ಥವನ್ನು ನಾನು ಬಿಡಿಸುವುದಿಲ್ಲ. ನೋಡಿದ್ದು ಇಬ್ಬರೂ ಅದೇ ಅಲುಗಾಟವನ್ನು.

ಹೊರಡುವವರ ಸಂಗತಿ ಹಾಗಾಯಿತು. ಉಳಿದವರಿಗೆ ಇದು ಬಾಣಂತನದ ಕಾಲ. ಕೆರೆಯ ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ಕುಳಿತಿರುತ್ತವೆ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು ಅಗಲ. ಕೊಕ್ಕಿನ ಕೆಳಗೆ ಜೋಲುವ ಚೀಲ. ಇಷ್ಟು ಭಾರದ ದೇಹ ಬಳುಕುವ ಕೊಂಬೆಯ ತುದಿಯ ಮೇಲೆ ಇಳಿಯುವುದನ್ನು ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಮರಿ ತನ್ನ ತಲೆಯನ್ನೇ ತಾಯಿಯ ಗಂಟಲಿನೊಳಕ್ಕೆ ತೂರಿಸಿ ಉಣ್ಣುತ್ತದೆ. ಮೊದಲ ಬಾರಿ ಕಂಡವರಿಗೆ ತಾಯಿಯೇ ಮರಿಯನ್ನು ನುಂಗುತ್ತಿದೆಯೆಂಬ ಭ್ರಮೆ. ಈ ಕುಲ ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆ, ಆಲದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಅದನ್ನು ಹೊರಜಗತ್ತಿನ ಗಮನಕ್ಕೆ ತಂದರು. ರಂಗನತಿಟ್ಟಿನ ಕಥೆ ಎಲ್ಲರಿಗೂ ಗೊತ್ತು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಒಡ್ಡು ಕಟ್ಟಿದ್ದರಿಂದ ನಡುಗಡ್ಡೆಗಳಾದವು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಲು ಬಂದ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕುಕ್ಕರಹಳ್ಳಿ ಇವುಗಳ ನಡುವಿನ ಒಂದು ಕೊಂಡಿ. ಹಕ್ಕಿಗೆ ತಾಲ್ಲೂಕಿನ ಗಡಿಯಿಲ್ಲ. ಒಂದು ಕೆರೆಯಲ್ಲಿ ಮೀನು ಮುಗಿದರೆ ಇನ್ನೊಂದಕ್ಕೆ ಹಾರುತ್ತದೆ.

ಬೇಸಗೆ ಬಾಯಿಬಿಡುವಾಗ ಇವು ಮರಿಗಳನ್ನು ಸಾಕುವುದೇಕೆ ಎಂದು ಕೇಳಬಹುದು. ನೀರು ತಗ್ಗುವುದೇ ಅನುಕೂಲ. ತುಂಬಿದ ಕೆರೆಯಲ್ಲಿ ಚದುರಿಹೋಗಿರುವ ಮೀನು, ನೀರು ಇಳಿದಂತೆಲ್ಲ ಸ್ವಲ್ಪವೇ ಜಾಗದಲ್ಲಿ ಒತ್ತಾಗಿ ಸಿಗುತ್ತದೆ. ಹಸಿದ ಮರಿಗಳ ಬಾಯಿ ತುಂಬಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ನೀರು ಸರಿದ ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಕೆಸರಿನಲ್ಲಿ ಹುಳು, ಹುಳುವಿಗೆ ಉದ್ದಗಾಲಿನ ಹಕ್ಕಿ. ನಮಗೆ ಮಾತ್ರ ಇಳಿದ ಕೆರೆಯೆಂದರೆ ಕಣ್ಣಿಗೆ ಹಿತವಿಲ್ಲ. ಅಂಚಿನವರೆಗೆ ನೀರು ಮಿನುಗಬೇಕು, ದಡಕ್ಕೆ ಕಲ್ಲು ಜೋಡಿಸಿ ಅಚ್ಚುಕಟ್ಟಾಗಿ ಕಾಣಬೇಕು. ನಾಡಿನ ಎಷ್ಟೋ ಪಟ್ಟಣದ ಕೆರೆಗಳನ್ನು ಹೀಗೆ ಸಾರಿನ ಬಟ್ಟಲುಗಳಾಗಿ ಮಾಡಿದ್ದೇವೆ. ಬಟ್ಟಲಿಗೆ ಅಂಚಿನ ಕೆಸರಿಲ್ಲ. ಕೆಸರಿಲ್ಲದ ಕೆರೆಯಲ್ಲಿ ಅರ್ಧಪಾಲು ಹಕ್ಕಿಗೆ ಕಾಲೂರಲು ಎಡೆಯಿಲ್ಲ. ಇಳಿಯುವುದು ಬೇರೆ, ಕೆಡುವುದು ಬೇರೆ ಎಂಬುದನ್ನೂ ಹೇಳಬೇಕು. ದಿವಾನ್ ಪೂರ್ಣಯ್ಯನವರ ಹೆಸರಿನ ಹಳೆಯ ನಾಲೆ ಒಂದು ಕಾಲದಲ್ಲಿ ಹಿನಕಲ್ ಕಡೆಯಿಂದ ಮಳೆನೀರನ್ನು ಈ ಕೆರೆಗೆ ಉಣಿಸುತ್ತಿತ್ತು. ಊರು ಬೆಳೆದಂತೆ ನಾಲೆಯ ದಾರಿ ಹರಿದುಹೋಯಿತು. ಒಳ್ಳೆಯ ನೀರು ಬರುವ ದಾರಿ ಕಿರಿದಾಗಿ, ಕೊಳಚೆ ಬರುವ ದಾರಿ ಹಿರಿದಾಯಿತು. ಕೆರೆ ವಿಶ್ವವಿದ್ಯಾನಿಲಯದ ಪೋಷಣೆಯಲ್ಲಿದೆ, ಕೊಳಚೆಯನ್ನು ತಿರುಗಿಸುವ ಪ್ರಯತ್ನಗಳು ಹಲವು ಬಾರಿ ನಡೆದಿವೆ, ಊರಿನವರು ದನಿಯೆತ್ತಿದ್ದೂ ಉಂಟು. ಆದರೂ ಬಿಸಿಲೇರಿದ ದಿನಗಳಲ್ಲಿ ನೀರು ದಟ್ಟ ಹಸುರಿಗೆ ತಿರುಗುವುದನ್ನು ಸುತ್ತು ಹಾಕುವವರೆಲ್ಲರೂ ಬಲ್ಲರು.

2024ರ ಯುಗಾದಿಗೆ ಒಂದು ವಾರ ಮೊದಲು ನಡೆದ ಒಂದು ಸಂಗತಿಯನ್ನು ಹೇಳಬೇಕು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕೆರೆಯ ಅಂಗಳ ನಾನು ಹಿಂದೆ ಕಾಣದಷ್ಟು ಅಗಲವಾಗಿ ತೆರೆದುಕೊಂಡಿತ್ತು. ಮಾನಸಗಂಗೋತ್ರಿಯ ಕಡೆಯ ದಡದಲ್ಲಿ ನಾವಿಬ್ಬರೂ ನಡೆಯುತ್ತಿದ್ದಾಗ ಎರಡು ಟಿಟ್ಟಿಭಗಳು ನೆತ್ತಿಯ ಮೇಲೆ ಹಾರಾಡುತ್ತ ಅರಚತೊಡಗಿದವು. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ದುರ್ಬೀನು ಬೇಡದ ಹಕ್ಕಿ; ಎಲ್ಲರೂ ಕೇಳಿರುವ ಕರ್ಕಶ ದನಿ. ಗೆಳೆಯರು ನನ್ನ ತೋಳು ಹಿಡಿದು ನಿಲ್ಲಿಸಿದರು. ಹಾದಿಯಿಂದ ಹತ್ತು ಹನ್ನೆರಡು ಹೆಜ್ಜೆ ಆಚೆ, ಬರಿಯ ನೆಲದ ಮೇಲೆ, ನಾಲ್ಕು ಮೊಟ್ಟೆಗಳು. ಗೂಡಿಲ್ಲ, ಹುಲ್ಲಿಲ್ಲ, ಅಂಗೈಯಷ್ಟು ಗುಳಿ, ಸುತ್ತ ಒಂದಿಷ್ಟು ಬೆಣಚುಕಲ್ಲು. ಮೊಟ್ಟೆಗಳು ಮಣ್ಣಿನ ಬಣ್ಣ, ಮೇಲೆ ಮಸಿಯ ಮಚ್ಚೆ. ಬೆರಳು ಚಾಚಿ ತೋರಿಸಿದ ಮೇಲೂ ಅರೆನಿಮಿಷ ನನಗೆ ಕಾಣಲಿಲ್ಲ.

'ಪಂಚತಂತ್ರ'ದ ಟಿಟ್ಟಿಭ ದಂಪತಿಗಳು ನೆನಪಾದರು. ಹೆಣ್ಣು ಮೊಟ್ಟೆಯಿಡಲು ಸುರಕ್ಷಿತವಾದ ಎಡೆ ಕೇಳುತ್ತದೆ. ಗಂಡು, ಸಮುದ್ರಕ್ಕೆ ನಮ್ಮನ್ನು ಮುಟ್ಟುವ ಧೈರ್ಯವಿದೆಯೆ ಎಂದು ಕೊಚ್ಚಿಕೊಳ್ಳುತ್ತದೆ. ಸಮುದ್ರ ಮೊಟ್ಟೆಗಳನ್ನು ಕೊಂಡೊಯ್ಯುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನಿಗೆ ದೂರು ಕೊಡುತ್ತವೆ. ಗರುಡ ವಿಷ್ಣುವಿಗೆ ಹೇಳಿ ಮೊಟ್ಟೆಗಳನ್ನು ಮರಳಿ ಕೊಡಿಸುತ್ತಾನೆ. ಬಡವನ ಕೋಪದ ಕಥೆ ಎಂದು ನಾನು ಅದರ ನೀತಿಯನ್ನಷ್ಟೇ ಹೇಳುತ್ತಿದ್ದೆ. ನೀರಿನಂಚಿನ ಬರಿಯ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೇ ಆ ಕಥೆಯನ್ನು ಕಟ್ಟಿದವನು ಹಕ್ಕಿಯನ್ನು ಚೆನ್ನಾಗಿ ನೋಡಿದ್ದ. ಬಿಸಿಲಿನ ತಾಪಕ್ಕೆ ಮೊಟ್ಟೆ ಬೇಯಬಾರದೆಂದು ಈ ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಅದನ್ನು ನಾನು ಕಣ್ಣಾರೆ ಕಂಡೆ. ಅದಕ್ಕಾಗಿಯೇ ಅದಕ್ಕೆ ನೀರು ಹತ್ತಿರವಿರಬೇಕು. ಹತ್ತಿರವಿದ್ದರೆ ನೀರೇರುವ ಭಯ. ಕಥೆಯ ಬಿಕ್ಕಟ್ಟು ಹಕ್ಕಿಯ ಬಿಕ್ಕಟ್ಟೇ.

ನಮ್ಮ ಕೆರೆಯಲ್ಲಿ ಸಮುದ್ರದ ಭಯವಿಲ್ಲ. ನಾಯಿಗಳು, ಕಾಗೆಗಳು, ಹಾದಿ ಬಿಟ್ಟು ಅಂಗಳಕ್ಕೆ ಇಳಿದು ಓಡುವವರು, ಚಿತ್ರ ತೆಗೆಯಲು ಹತ್ತಿರ ಹೋಗುವವರು. ಗರುಡನಿಗೆ ದೂರು ಕೊಡಬೇಕಾದ ಪಟ್ಟಿ ಉದ್ದವೇ ಇದೆ. ಸುತ್ತ ಕಲ್ಲಿಟ್ಟು ಗುರುತು ಮಾಡೋಣವೆಂದೆ. ಗೆಳೆಯರು ಒಪ್ಪಲಿಲ್ಲ. ಗುರುತು ಮಾಡಿದರೆ ಜನ ನೋಡಲು ಬರುತ್ತಾರೆ, ಕಾಗೆಯೂ ಗಮನಿಸುತ್ತದೆ. ಕಾಣದಿರುವುದೇ ಅದಕ್ಕಿರುವ ಕೋಟೆ ಎಂದರು. ನಾವು ಮಾಡಿದ್ದು ಇಷ್ಟೆ. ದಿನವೂ ಆ ಎಡೆಯಲ್ಲಿ ನಿಲ್ಲದೆ, ಅತ್ತ ಕೈತೋರದೆ ನಡೆದೆವು. ಬಿಟ್ಟ ನಾಯಿಯೊಂದಿಗೆ ಬರುತ್ತಿದ್ದ ಒಬ್ಬರಿಗೆ ಕಾರಣ ಹೇಳಿದಾಗ ಅವರು ನಾಯಿಗೆ ಹಗ್ಗ ಹಾಕಿದರು; ಇನ್ನೊಬ್ಬರು ಹಾಕಲಿಲ್ಲ.

ಟಿಟ್ಟಿಭದ ಮೊಟ್ಟೆಗೆ ಕಾವು ಬೇಕಾದುದು 28 ದಿನ ಅಥವಾ ಒಂದೆರಡು ದಿನ ಹೆಚ್ಚು. ಮೊದಲ ಬಾರಿ ಕಂಡಾಗ ಎಷ್ಟು ದಿನ ಕಳೆದಿದ್ದವೋ ನಮಗೆ ಗೊತ್ತಿರಲಿಲ್ಲ. ಯುಗಾದಿಯ ದಿನ ಇದ್ದವು. ರಾಮನವಮಿಯ ದಿನವೂ ಇದ್ದವು. ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ ಹೋದಾಗ ಗುಳಿ ಬರಿದಾಗಿತ್ತು. ಚಿಪ್ಪಿನ ಚೂರೂ ಇರಲಿಲ್ಲ, ರಕ್ತದ ಕಲೆಯೂ ಇರಲಿಲ್ಲ. ಈ ಹಕ್ಕಿಯ ಮರಿಗಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಎದ್ದು ತಾಯಿಯ ಹಿಂದೆ ಓಡಿಬಿಡುತ್ತವೆ. ತಾಯಿ ಚಿಪ್ಪುಗಳನ್ನು ದೂರ ಎಸೆದು ಬರುತ್ತದೆ. ಮರಿಗಳಾಗಿ ಓಡಿದವೋ, ಇರುಳು ನಾಯಿಯ ಪಾಲಾದವೋ, ಆ ಗುಳಿಯನ್ನು ನೋಡಿ ಹೇಳುವಂತಿರಲಿಲ್ಲ. ಗೆಳೆಯರು ಗೆರೆಯ ಪುಸ್ತಕ ತೆಗೆದು ತಾರೀಕು ಬರೆದು, ಮುಂದಿನ ಕಂಬಸಾಲನ್ನು ಖಾಲಿ ಬಿಟ್ಟರು. ನಾವು ಏರಿಯ ಕಡೆಗೆ ನಡೆದೆವು. ನೀರಿನಂಚಿನ ಜೊಂಡಿನ ಬಳಿ ಎರಡು ಟಿಟ್ಟಿಭಗಳು ಎದ್ದು ಮೊದಲಿನಂತೆಯೇ ನಮ್ಮ ನೆತ್ತಿಯ ಮೇಲೆ ಸುತ್ತುತ್ತ ಅರಚತೊಡಗಿದವು. ಗೆಳೆಯರು ಥಟ್ಟನೆ ನಿಂತು, ಇನ್ನೂ ಒಂದು ಹೆಜ್ಜೆಯನ್ನೂ ಮುಂದಿಡಬಾರದೆಂದು ಕೈ ಅಡ್ಡ ಮಾಡಿದರು.